ಚಾಳೀಸು

ನಲವತ್ತಕ್ಕೆ ಬರಬೇಕಾದ ಚಾಳೀಸು
ನನಗೆ ಐವತ್ಮೂರಕ್ಕೆ ಬಂತು.
ಅಷ್ಟು ದಿನ ಸೂಜಿಗೆ ದಾರ ಪೋಣಿಸಿದ್ದು ಕಣ್ಣಲ್ಲ,
ರೂಢಿ;
ನಾಲಗೆಯಲ್ಲಿ ಒದ್ದೆ ಮಾಡಿದ ತುದಿ
ತೂತು ಹುಡುಕಿಕೊಂಡು ತಾನೇ ಹೋಗುತ್ತಿತ್ತು,
ಸಂಜೆ ದನ ಹಟ್ಟಿಗೆ ಹೋದ ಹಾಗೆ.

ಮಂಡಿಪೇಟೆಯ ಕನ್ನಡಕದಂಗಡಿ ಹುಡುಗ ಅಂದ:
ಗೆರೆ ಇಲ್ಲದ್ದು ಅಣ್ಣಾ, ಒಂದೇ ಗಾಜು, ಮೂರು ನೋಟ.
ಮೇಲೆ ದೂರ, ಕೆಳಗೆ ಹತ್ತಿರ, ನಡುವೆ ನಡುವಿನದು.
ಬದಿಗೆ?
ಬದಿಗೆ ಏನಿಲ್ಲ. ಮಂಜು ಅಂದ್ಕೊಳ್ಳಿ.
ಹದಿನೈದು ದಿನ ತಡೀರಿ, ಹೊಂದ್ಕೊಳ್ತದೆ.
ಯಾವುದು ಯಾವುದಕ್ಕೆ ಹೊಂದುತ್ತದೆಂದು
ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂಗಡಿಯ ಮೂರು ಮೆಟ್ಟಿಲು ಇಳಿದೆ.
ನಾಲ್ಕು ಇದ್ದವು.

ಅಶೋಕ ರಸ್ತೆಯ ಗೇಟಿನಲ್ಲಿ ರೈಲು ಹಳಿ ಬಿಲ್ಲಾಗಿ ಬಾಗಿತ್ತು.
ಅಂಗಡಿಗೆ ಬಂದು ಪ್ಯಾಂಟಿನ ಬಟ್ಟೆ ಹಾಸಿ
ಸ್ಕೇಲಿಟ್ಟು ಎಳೆದ ಸೀಮೆಸುಣ್ಣದ ಗೆರೆ
ಸೊಂಟ ಬಳುಕಿಸಿತು.
ಮೂವತ್ತು ವರ್ಷದಲ್ಲಿ ಮೊದಲ ಸಲ
ಕತ್ತರಿ ಕೆಳಗಿಟ್ಟು ನೀರು ಕುಡಿದೆ.

ಟೇಪು ಓದಲು ಗದ್ದ ಎತ್ತಬೇಕು:
'ಮಾಸ್ತರಿಗೆ ದೊಡ್ಡಸ್ತಿಕೆ ಬಂತು' ಅಂದರು ಸೈಕಲ್ ಶಾಪಿನವರು.
ಮೋರಿ ದಾಟಲು ತಲೆ ತಗ್ಗಿಸಬೇಕು:
'ಪಾಪ, ಮನೇಲಿ ಏನಾಗಿದೆಯೋ' ಅಂದವರೂ ಅವರೇ.
ರಾತ್ರಿ ರುಕ್ಮಾಬಾಯಿ ಕಣ್ಣರಳಿಸಿದಳು,
'ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಿದೀರಿ, ಮದುವೆಯಾದಾಗಿಂದ ಇದೇ ಮೊದಲು.'
ನಾನು ಟೀವಿಯ ಕೆಳಗೆ ಓಡುವ ಅಕ್ಷರ ಹುಡುಕುತ್ತಿದ್ದೆ, ಅಷ್ಟೇ.

ಆದರೆ ಹೇಳಬೇಕಾದ್ದು ಇದಲ್ಲ.

ಚೌಕಿಪೇಟೆಯ ನಮ್ಮಂಗಡಿಯಲ್ಲಿ ಎರಡು ಮಷೀನು.
ಬಲಗಡೆಯದು ಜ್ಞಾನದೇವನದು, ನನ್ನ ಸೋದರತ್ತೆಯ ಮಗ.
ಎರಡು ವರ್ಷ ನಾಲ್ಕು ತಿಂಗಳಿಂದ ಮಾತಿಲ್ಲ.
ಯಾರದೋ ಮದುವೆಯ ಕೋಟು, ಬೆನ್ನ ಮೇಲೆ ಇಸ್ತ್ರಿ ಸುಟ್ಟ ಗುರುತು;
ನಾನು ಅಂದೆ ನೀನು, ಅವನು ಅಂದ ನೀನು.
ಬಟ್ಟೆಯ ದುಡ್ಡು ಅರ್ಧರ್ಧ ಕಟ್ಟಿದೆವು.
ತಪ್ಪನ್ನು ಹಾಗೆ ಕತ್ತರಿಸಲು ಬರಲಿಲ್ಲ.

ಅಂದಿನಿಂದ ಅವನನ್ನು ನೋಡಿದ್ದೆಲ್ಲ ಓರೆಗಣ್ಣಲ್ಲಿ.
ಬಾಬಿನ್ ತೀರಿದ್ದು, ಗಿರಾಕಿ ಕಮ್ಮಿಯಾದದ್ದು,
ಮಗಳ ನಿಶ್ಚಿತಾರ್ಥದ ಮರುದಿನ
ಬಟ್ಟೆಯಿಲ್ಲದ ಮಷೀನಿನ ಚಕ್ರ ಸುಮ್ಮನೆ ತಿರುವುತ್ತ ಕೂತದ್ದು,
ಎಲ್ಲ ಗೊತ್ತಿತ್ತು ನನಗೆ, ಕತ್ತು ಹೊರಳಿಸದೆ.
ಅಷ್ಟಕ್ಕೆ ಕಣ್ಣಿನ ಒಂದು ಮೂಲೆ ಸಾಕಿತ್ತು.

ಈಗ ಆ ಮೂಲೆ ಇಲ್ಲ.
ಕಣ್ಣು ಸರಿಸಿದರೆ ಜ್ಞಾನದೇವ ಕರಗುತ್ತಾನೆ,
ಅವನ ಮಷೀನು ಬಾವಿಯಲ್ಲಿ ಬಿದ್ದಂತೆ ಅಲ್ಲಾಡುತ್ತದೆ.
ನೋಡಬೇಕೆಂದರೆ ಮುಖವನ್ನೇ ತಿರುಗಿಸಬೇಕು, ಇಡಿಯಾಗಿ,
ಮೂಗಿನ ತುದಿ ಅವನಿಗೆ ನೆಟ್ಟಗಾಗುವಂತೆ.

ಆರನೆಯ ದಿನವೋ ಏಳನೆಯದೋ,
ಪಕ್ಕದ ಸದ್ದು ತಟಕ್ಕನೆ ನಿಂತಿತು.
ಹಳೆ ಚಾಳಿ, ಓರೆಯಾಗಿ ನೋಡಿದೆ. ಮಂಜು.
ತಡೆಯಲಾರದೆ ತಿರುಗಿದೆ.
ಅವನು ಸೂಜಿಯನ್ನು ದೂರ ಮಾಡಿ, ಹತ್ತಿರ ಮಾಡಿ,
ಮತ್ತೆ ದೂರ ಮಾಡಿ
ಬಾಗಿಲ ಬೆಳಕಿಗೆ ಹಿಡಿದಿದ್ದ. ದಾರ ಒಮ್ಮೆ ಆಚೆ, ಒಮ್ಮೆ ಈಚೆ.

ತಲೆಯೆತ್ತಿದವನು
ನನ್ನ ಪೂರ್ತಿ ಮುಖ ಕಂಡು
'ಏನು?' ಅಂದ.

ಏನಿಲ್ಲ ಅನ್ನಬಹುದಿತ್ತು.
ಕನ್ನಡಕ ತೆಗೆದು ಕೊಟ್ಟೆ.
ಹಾಕಿಕೊಂಡ, ಗದ್ದ ಎತ್ತಿದ, ತಗ್ಗಿಸಿದ,
'ಥೂ, ನೆಲ ಎದ್ದು ಬರ್ತದಲ್ಲೋ!'
ಹೊಂದ್ಕೊಳ್ತದಂತೆ, ಅಂದೆ.
ಬರಿಗಣ್ಣಿಗೆ ಅವನ ಮುಖ ಸರಿಯಾಗಿ ಕಾಣಲಿಲ್ಲ,
ನಕ್ಕನೋ ಏನೋ.

ಸಂಜೆ ಖಾರಾ ಮಂಡಕ್ಕಿ ಅವನೇ ತಂದ, ಮೇಲೆ ನಾಲ್ಕು ಮಿರ್ಚಿ.
ಕಟಿಂಗ್ ಟೇಬಲ್ಲಿನ ಮೇಲೆ ಪೇಪರು ಹರಡಿ ತಿಂದೆವು.
ಇಸ್ತ್ರಿಯ ಮಾತು ಯಾರೂ ಎತ್ತಲಿಲ್ಲ.
ಅದು ಇನ್ನೂ ಗಾಜಿನ ಅಂಚಲ್ಲೇ ಇದೆ.
ನನ್ನ ಪ್ರಕಾರ ತಪ್ಪು ಅವನದೇ.